ಬಿಸಿಲು, ಬೋರ್ ನೀರಿನ ಊರಲ್ಲಿ ಕೂದಲಿಗೆ ಟೋನರ್

ಹೈಲೈಟ್ ಮಾಡಿಸಿ ತಿಂಗಳು ಕಳೆಯುವಷ್ಟರಲ್ಲಿ ಕೂದಲು ಹಳದಿಗೋ ತಾಮ್ರದ ಬಣ್ಣಕ್ಕೋ ತಿರುಗಿದರೆ ಪಾರ್ಲರ್‌ನವರನ್ನು ದೂರಬೇಕಿಲ್ಲ. ಕಪ್ಪು ಕೂದಲಿಗೆ ಬ್ಲೀಚ್ ಹಾಕಿದಾಗ ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ ಬಯಲಾಗುತ್ತದೆ. ಅದನ್ನು ಮರೆಮಾಡಿದ್ದು ಟೋನರ್, ಅಂದರೆ ಬ್ಲೀಚ್ ಆದ ಮೇಲೆ ಛಾಯೆ ತಿದ್ದಲು ಹಚ್ಚುವ ಬಣ್ಣ. ಅದು ಸಾಮಾನ್ಯವಾಗಿ 4ರಿಂದ 6 ವಾರ ಬಾಳುತ್ತದೆ. ಕಲಬುರಗಿ, ಯಾದಗಿರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲೂ ಗಡಸು ಬೋರ್ ನೀರೂ ಸೇರಿದರೆ ಅಷ್ಟು ದಿನ ನಿಲ್ಲುವುದು ಕಷ್ಟ.

ಟೋನರ್ ಕೊಳ್ಳುವ ಮೊದಲು ಕೂದಲನ್ನು ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ಬಣ್ಣ ತಪ್ಪಾಗಿ ಕಾಣುತ್ತದೆ. ಹಳದಿಯನ್ನು ನೇರಳೆ ಅಡಗಿಸುತ್ತದೆ, ಕಿತ್ತಳೆಯನ್ನು ನೀಲಿ, ಕೆಂಪನ್ನು ಹಸಿರು. ಟೋನರ್ ಕೂದಲನ್ನು ತಿಳಿ ಮಾಡುವುದಿಲ್ಲ, ಇರುವ ಬಣ್ಣದ ಛಾಯೆಯನ್ನಷ್ಟೇ ಬದಲಿಸುತ್ತದೆ. ಆದ್ದರಿಂದ ಕಿತ್ತಳೆ ಕೂದಲಿಗೆ ಸಿಲ್ವರ್ ಟೋನರ್ ಹಚ್ಚಿದರೆ ದುಡ್ಡು ದಂಡ. ಸಿಲ್ವರ್ ಬೇಕಿದ್ದರೆ ಕೂದಲು ಬಾಳೆಹಣ್ಣಿನ ಸಿಪ್ಪೆಯ ಒಳಮೈಯಷ್ಟು ತಿಳಿಯಾಗಿರಬೇಕು. ನಮ್ಮ ಕಡೆಯ ದಪ್ಪ ಕಪ್ಪು ಕೂದಲು ಒಂದೇ ಬ್ಲೀಚಿಗೆ ಅಲ್ಲಿಗೆ ಮುಟ್ಟುವುದು ಅಪರೂಪ. ಅಂಥ ಕೂದಲಿಗೆ ನೀಲಿ ಅಂಶದ ಆಶ್ ಬ್ರೌನ್ (ಬೂದು ಕಂದು) ಅಥವಾ ಬೀಜ್ (ಮರಳಿನ ಬಣ್ಣ) ಛಾಯೆಯೇ ಒಪ್ಪುತ್ತದೆ. ಬರ್ಗಂಡಿ ಮಾಸಿದೆ ಎಂದು ಆಶ್ ಟೋನರ್ ಹಚ್ಚಬೇಡಿ, ಉಳಿದ ಕೆಂಪೂ ಸಾಯುತ್ತದೆ. ಅದಕ್ಕೆ ಕೆಂಪು-ನೇರಳೆ ಛಾಯೆಯದೇ ಬೇಕು.

ಮೆಹಂದಿ ಹಚ್ಚಿದ ಕೂದಲಾದರೆ ಇಲ್ಲೇ ನಿಲ್ಲಿ. ಅಪ್ಪಟ ಮೆಹಂದಿ ಎಲೆಯ ಪುಡಿಯಿಂದ ಅಷ್ಟು ತೊಂದರೆಯಿಲ್ಲ. ಕೆಲವು ಪ್ಯಾಕೆಟ್‌ಗಳಲ್ಲಿ ಬೆರೆಸಿರುವ ಲೋಹದ ಲವಣಗಳು, ಟೋನರ್‌ಗೆ ಕಲಸುವ ಡೆವಲಪರ್ ಎಂಬ ದ್ರವದ ಪೆರಾಕ್ಸೈಡ್ ಜೊತೆ ಸೇರಿದರೆ ಕೂದಲು ಕಾದು, ತುಂಡು ತುಂಡಾಗಿ ಉದುರಬಹುದು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಕಲಸಿದ ಟೋನರ್‌ನಲ್ಲಿ ಅರ್ಧ ಗಂಟೆ ಬಿಡಿ. ಬಿಸಿಯಾದರೆ, ನೊರೆ ಬಂದರೆ, ಎಳೆದಾಗ ಪಟ್ಟನೆ ಹರಿದರೆ ಟೋನರ್ ಬೇಡವೇ ಬೇಡ. ಕಪ್ಪು ಮೆಹಂದಿಯಿಂದ ಹಿಂದೆಂದಾದರೂ ತುರಿಕೆ, ಗುಳ್ಳೆ ಎದ್ದಿದ್ದರೆ ಅದಕ್ಕೆ ಕಾರಣ ಬಹುತೇಕ ಪಿಪಿಡಿ ಎಂಬ ರಾಸಾಯನಿಕ. ಅದು ಅಥವಾ ಅದರ ಜಾತಿಯದು ಟೋನರ್‌ನಲ್ಲೂ ಇರಬಹುದು. ಅಂಥವರು ಚರ್ಮದ ವೈದ್ಯರನ್ನು ಕೇಳದೆ ಟೋನರ್ ಮುಟ್ಟಬಾರದು. ಉಳಿದವರೂ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ನೋಡಲೇಬೇಕು.

ಭುಜದವರೆಗಿನ ಕೂದಲಿಗೆ 60 ಮಿ.ಲೀ. ಟೋನರ್, 120 ಮಿ.ಲೀ. ಡೆವಲಪರ್ ಸಾಕು. ಬರೀ ಹೈಲೈಟ್‌ಗಳಿಗೆ ಅದರ ಅರ್ಧ. ಒಂದಕ್ಕೆ ಎರಡರ ಈ ಅಳತೆ ಎಲ್ಲ ಕಂಪನಿಗೂ ಹೊಂದುವುದಿಲ್ಲ, ಪೊಟ್ಟಣದ ಮೇಲಿನದೇ ಅಂತಿಮ. ಡೆವಲಪರ್ 10 ವಾಲ್ಯೂಮ್, ಅಂದರೆ 3% ಪೆರಾಕ್ಸೈಡ್‌ನದು ಇರಲಿ. 20 ವಾಲ್ಯೂಮ್ ಬೇರಿನ ಕಪ್ಪು ಕೂದಲನ್ನೂ ತುಸು ಕೆಂಪಗೆ ಮಾಡಿಬಿಡುತ್ತದೆ. ಸ್ಟೀಲ್ ಬಟ್ಟಲು ಬೇಡ, ಪ್ಲಾಸ್ಟಿಕ್ಕಿನದು ತಗೊಳ್ಳಿ. ಕೈಗೆ ಗ್ಲೌಸ್, ಹಣೆಯಂಚಿಗೆ ವ್ಯಾಸಲೀನ್.

ಈ ಕೆಲಸ ಮುಂಜಾನೆಯೇ ಆಗಲಿ. ಬೇಸಿಗೆಯ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಸುಡುತ್ತಿರುತ್ತದೆ, ಆ ನೀರಲ್ಲಿ ತೊಳೆದರೆ ಹೊಸ ಬಣ್ಣ ನಿಲ್ಲುವುದಿಲ್ಲ. ಕೋಣೆಯ ಕಾವಿಗೆ ಟೋನರ್ ಕೂಡ ಬೇಗ ಹತ್ತುತ್ತದೆ. ಮೊದಲು ಇಡಿಟಿಎ (ಸುಣ್ಣ, ಕಬ್ಬಿಣ ಹಿಡಿದು ತೆಗೆಯುವ ಅಂಶ) ಇರುವ, ಗಡಸು ನೀರಿಗೆಂದೇ ಮಾಡಿದ ಶಾಂಪೂ ಹಾಕಿ ತೊಳೆಯಿರಿ. ಬೋರ್ ನೀರಿನ ಸುಣ್ಣ, ಕಬ್ಬಿಣ, ಜೊತೆಗೆ ಎಣ್ಣೆಯ ಜಿಡ್ಡು ಕೂದಲ ಮೇಲೆ ಕೂತಿದ್ದರೆ ಟೋನರ್ ಒಳಗಿಳಿಯದೆ ಅಲ್ಲಲ್ಲಿ ಮಚ್ಚೆಯಾಗಿ ಹತ್ತುತ್ತದೆ. ಕಂಡೀಷನರ್ ಬೇಡ. ಟವೆಲ್‌ನಿಂದ ಒತ್ತಿ ನೀರು ತೆಗೆಯಿರಿ. ಕೂದಲು ಹಸಿಯಿರಲಿ, ತೊಟ್ಟಿಕ್ಕಬಾರದು. ನೀರು ಜಾಸ್ತಿಯಾದಷ್ಟೂ ಟೋನರ್ ತೆಳುವಾಗುತ್ತದೆ.

ಹೆಚ್ಚು ಹಳದಿ ಇರುವ ಕಡೆಯಿಂದ ಶುರುಮಾಡಿ, ತುದಿಗಳಿಗೆ ಕೊನೆಗೆ ಹಚ್ಚಿ. ಹಲವು ಸಲ ಬಣ್ಣ ಕಂಡ ತುದಿಗಳು ಬಣ್ಣವನ್ನು ಗಬಕ್ಕನೆ ಹೀರುತ್ತವೆ. ಹಚ್ಚಿದ ಕ್ರೀಮ್ ಕಡುನೇರಳೆಯಾದರೆ ಗಾಬರಿ ಬೇಡ, ಅದು ಕೂದಲಿನ ಬಣ್ಣವಲ್ಲ. 5 ನಿಮಿಷಕ್ಕೊಮ್ಮೆ, ಬೇಸಿಗೆಯಲ್ಲಿ 3 ನಿಮಿಷಕ್ಕೊಮ್ಮೆ, ಒಂದು ಎಳೆಯನ್ನು ಬಟ್ಟೆಯಿಂದ ಒರೆಸಿ ನೋಡಿ. ಹಳದಿ ಅಡಗಿದ ಕೂಡಲೇ ತೊಳೆಯಿರಿ. ಬೇಕಾದ ಬಣ್ಣ ಬಂದಿದ್ದರೆ ಪೊಟ್ಟಣದ ಮೇಲಿನ 20 ನಿಮಿಷ ತುಂಬಲಿ ಎಂದು ಕಾಯಬೇಡಿ. ಫ್ಯಾನ್ ಕೆಳಗೆ ಕೂತರೆ ಕ್ರೀಮ್ ಒಣಗಿ ಕೆಲಸ ನಿಲ್ಲಿಸುತ್ತದೆ. ತಣ್ಣೀರಲ್ಲಿ ತೊಳೆದು, ಕಂಡೀಷನರ್ ಹಚ್ಚಿ, ಕೊನೆಯ ಒಂದು ತಂಬಿಗೆ ಫಿಲ್ಟರ್ ನೀರು ಹಾಕಿಕೊಳ್ಳಿ. ಉಳಿದ ಮಿಶ್ರಣವನ್ನು ಚೆಲ್ಲಿ. ಮುಚ್ಚಿಟ್ಟ ಬಾಟಲಿ ಒಳಗಿನ ಗಾಳಿಯ ಒತ್ತಡಕ್ಕೆ ಸಿಡಿಯಬಹುದು.

ತುದಿ ಬೂದಿಬಣ್ಣಕ್ಕೋ ನೇರಳೆಗೋ ತಿರುಗಿದ್ದರೆ ಎರಡು ಮೂರು ಸಲ ಕ್ಲ್ಯಾರಿಫೈಯಿಂಗ್ (ಕೂದಲಿಗಂಟಿದ್ದನ್ನು ಚೆನ್ನಾಗಿ ತೆಗೆಯುವ) ಶಾಂಪೂ ಹಾಕಿದರೆ ಇಳಿಯುತ್ತದೆ. ಹಸಿರು ಬಂದಿದ್ದರೆ ಹಳದಿ ಕೂದಲಿಗೆ ನೀಲಿ ಟೋನರ್ ಬಿದ್ದಿದೆ ಎಂದರ್ಥ. ತಿಳಿ ತಾಮ್ರ ಛಾಯೆಯ ಕಲರ್ ಮಾಸ್ಕ್ (ಬಣ್ಣ ಬೆರೆತ ಕಂಡೀಷನರ್) ಒಂದೆರಡು ನಿಮಿಷ ಹಚ್ಚಿ ತೆಗೆಯಿರಿ. ಏನೂ ಬದಲಾಗದಿದ್ದರೆ ಕೂದಲು ಆ ಛಾಯೆಗೆ ಬೇಕಾದಷ್ಟು ತಿಳಿಯಾಗಿಲ್ಲ. ಮತ್ತೆ ಮತ್ತೆ ಟೋನರ್ ಹಚ್ಚಿ ಪ್ರಯೋಜನವಿಲ್ಲ.

ಮುಂದೆ ಎರಡು ದಿನ ತಲೆಗೆ ನೀರು ಬೇಡ. ಆಮೇಲೆ ವಾರಕ್ಕೆ ಎರಡೇ ಸಲ ಸಲ್ಫೇಟ್ ಇಲ್ಲದ ಶಾಂಪೂ; ಹಳದಿ ಮತ್ತೆ ಇಣುಕಿದಾಗ ವಾರಕ್ಕೊಮ್ಮೆ ನೇರಳೆ ಶಾಂಪೂ 2–3 ನಿಮಿಷ. ತಲೆತುಂಬ ಎಣ್ಣೆ ಹಚ್ಚಿ, ಅದು ಹೋಗಲೆಂದು ಎರಡೆರಡು ಸಲ ತಿಕ್ಕಿದರೆ ಟೋನರ್ ಕೂಡ ಹೋಗುತ್ತದೆ. ತುದಿಗಳಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸಾಕು, ಹಸಿರು ಬಣ್ಣದ ಆಮ್ಲಾ ಎಣ್ಣೆ ತಿಳಿ ಕೂದಲಿಗೆ ಕಲೆ ಹಚ್ಚುತ್ತದೆ. ಮಧ್ಯಾಹ್ನ ಗಾಡಿ ಹತ್ತುವಾಗ ದಸ್ತಿಯನ್ನೋ ಓಢಣಿಯನ್ನೋ ಇಡೀ ಕೂದಲು ಮುಚ್ಚುವಂತೆ ಕಟ್ಟಿ. ಹೆಲ್ಮೆಟ್ಟಿನ ಕೆಳಗೆ ಜೋತುಬಿದ್ದ ಜಡೆಯೇ ಮೊದಲು ಮಾಸುವುದು.