ಹಳೆ ಮೈನಿಂಗ್ ಕಾರ್ಡ್, ಲಿನಕ್ಸ್, ವಿಂಡೋಸ್ ಗೇಮ್: ಡೊಂಬಿವಲಿಯಲ್ಲಿ ನಾನು ಓಡಿಸಿದ್ದು ಹೀಗೆ

ಸೆಕೆಂಡ್‌ಹ್ಯಾಂಡ್ ಎಎಮ್‌ಡಿ ಗ್ರಾಫಿಕ್ಸ್ ಕಾರ್ಡ್, ಆರ್‌ಎಕ್ಸ್ 570, 4 ಜಿಬಿ. ಅದರ ಮೇಲೆ ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ವಿಚರ್ 3, 1080ಪಿ, ಹೈ ಸೆಟ್ಟಿಂಗ್, ಸೆಕೆಂಡಿಗೆ ಹತ್ತಿರ ಹತ್ತಿರ 60 ಫ್ರೇಮ್. ಒಂದೇ ಒಂದು ಡ್ರೈವರ್ ಡೌನ್‌ಲೋಡ್ ಮಾಡಿಲ್ಲ, ಇರುವುದೆಲ್ಲ ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಮೆಸಾದಲ್ಲೇ (ಲಿನಕ್ಸ್ ಜೊತೆಗೇ ಬರುವ ಓಪನ್ ಗ್ರಾಫಿಕ್ಸ್ ಡ್ರೈವರ್‌ಗಳ ಕಟ್ಟು) ಇದೆ. ಆಗಲ್ಲ ಅಂದವರೇ ಜಾಸ್ತಿ. ಮುಂಬೈನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಲ್ಯಾಮಿಂಗ್ಟನ್ ರೋಡಿನಲ್ಲಿ ಕಾರ್ಡ್ ಕೊಟ್ಟವನೇ "ಲಿನಕ್ಸ್ ಪೆ ಗೇಮ್? ಛೋಡೋ ಭಾಯ್" ಅಂದಿದ್ದ. ನಮ್ಮ ಬಿಲ್ಡಿಂಗಿನ ಶೆಟ್ರ ಮಗ "ಅಣ್ಣಾ, ಸುಮ್ನೆ ವಿಂಡೋಸ್ ಹಾಕಿ ಮುಗಿಸಿ" ಅನ್ನುತ್ತಿದ್ದ. ಈಗ ಅವನ ಮಶೀನಿಗೂ ನಾನೇ ಲಿನಕ್ಸ್ ಹಾಕಿಕೊಟ್ಟಿದ್ದೇನೆ.

ಕಾರ್ಡ್ ಯಾಕೆ ಅಗ್ಗ ಅಂದರೆ, 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಎಥೀರಿಯಂ ಅನ್ನುವ ಕ್ರಿಪ್ಟೋ ನಾಣ್ಯ ಗಳಿಸುವ ಮೈನಿಂಗ್ ನಿಂತುಹೋಯಿತು, ಆಮೇಲೆ ಈ ಕಾರ್ಡುಗಳು ಮಾರ್ಕೆಟ್ಟಿಗೆ ರಾಶಿರಾಶಿ ಬಂದವು. ಅಂಗಡಿಯವ 7,000 ಹೇಳಿದ, ಚೌಕಾಸಿ ಮಾಡಿ 5,500ರ ಆಸುಪಾಸಿಗೆ ತಂದೆ. ಅದೇ ದುಡ್ಡಿಗೆ ಎನ್‌ವಿಡಿಯಾದ ಜಿಟಿಎಕ್ಸ್ 1060 ಕೂಡ ಸಿಗುತ್ತಿತ್ತು. ಆದರೆ ಆ ತಲೆಮಾರಿನ ಕಾರ್ಡಿನಲ್ಲಿ ನೋವೋ ಅನ್ನುವ ಓಪನ್ ಡ್ರೈವರ್‌ಗೆ ಕ್ಲಾಕ್ (ಚಿಪ್ಪಿನ ವೇಗ) ಏರಿಸಲು ಆಗುವುದಿಲ್ಲ, ಎನ್‌ವಿಡಿಯಾ ಸಹಿ ಹಾಕಿದ ಫರ್ಮ್‌ವೇರ್ ಬೇಕು. ಅಂದರೆ ಮುಚ್ಚಿದ ಡ್ರೈವರೇ ಗತಿ. ನನಗೆ ಅದು ಬೇಡವಾಗಿತ್ತು.

ಶುರು ಮಾಡಿದ್ದು ಡೆಬಿಯನ್ 11 ಅನ್ನುವ ಲಿನಕ್ಸಿನಲ್ಲಿ. ವಿಂಡೋಸ್ ಗೇಮನ್ನು ಲಿನಕ್ಸಿನಲ್ಲಿ ಓಡಿಸುವ ಸ್ಟೀಮ್‌ನ ಪ್ರೋಟಾನ್ 8 ಹಾಕಿದೆ, ಪ್ಲೇ ಒತ್ತಿದೆ, ಕಪ್ಪು ಕಿಟಕಿ ಒಂದು ಕ್ಷಣ ಬಂದು ಮಾಯ. ಪ್ರೋಟಾನ್ ಒಳಗೆ ವಿಂಡೋಸ್ ಗ್ರಾಫಿಕ್ಸನ್ನು ವಲ್ಕನ್‌ಗೆ (ಲಿನಕ್ಸಿನಲ್ಲೂ ನಡೆಯುವ ಗ್ರಾಫಿಕ್ಸ್ ಭಾಷೆ) ತರ್ಜುಮೆ ಮಾಡುವುದು ಡಿಎಕ್ಸ್‌ವಿಕೆ. ಅದರ 2.0ರಿಂದ ಮುಂದಕ್ಕೆ ವಲ್ಕನ್ 1.3 ಬೇಕೇ ಬೇಕು, ಡೆಬಿಯನ್ 11ರಲ್ಲಿ ಇದ್ದದ್ದು ಮೆಸಾ 20.3. ಕಾರ್ಡಿಗೆ ತಾಕತ್ತಿದೆ, ಡ್ರೈವರ್ ಹಳೆಯದು, ಅಷ್ಟೇ. ಡೆಬಿಯನ್ 12ಕ್ಕೆ ಹೋದೆ. ಗೇಮ್ ಓಡಿತು, ಆದರೆ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ಜರ್ಕ್. ಕುದುರೆ ಓಡಿಸಿದರೆ ತಡೆತಡೆದು ಹೋಗುತ್ತಿತ್ತು. ಶೇಡರ್ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಮ್) ಆಡುತ್ತಿರುವಾಗಲೇ ಕಂಪೈಲ್ ಆಗುತ್ತಿತ್ತು, ಅದೇ ಕಾರಣ. ಡ್ರೈವರಿನಲ್ಲಿ ಪೈಪ್‌ಲೈನ್ ಲೈಬ್ರರಿ ಅನ್ನುವ ಸೌಲಭ್ಯ ಇದ್ದರೆ ಡಿಎಕ್ಸ್‌ವಿಕೆ ಈ ಕೆಲಸವನ್ನು ಮೊದಲೇ ಮುಗಿಸಿಕೊಳ್ಳುತ್ತದೆ, ಆದರೆ ಮೆಸಾದೊಳಗಿನ ಎಎಮ್‌ಡಿ ವಲ್ಕನ್ ಡ್ರೈವರ್ ರಾಡ್‌ವಿಯಲ್ಲಿ ಅದು ತಾನಾಗೇ ಆನ್ ಆಗಿದ್ದು ಮೆಸಾ 23.1ರಿಂದ. ನನ್ನ ಹತ್ತಿರ 22.3 ಇತ್ತು. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸಿಗೆ ಹಾರಿದೆ, ಹೊಸ ಮೆಸಾ ಬಂತು, ಜರ್ಕ್ ಹೋಯಿತು. ಕಾರ್ಡ್ ಅದೇ, ರ‍್ಯಾಮ್ ಅದೇ.

ಈ ರಾಡ್‌ವಿಯನ್ನು ಎಎಮ್‌ಡಿ ಬರೆದದ್ದಲ್ಲ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. 2016ರಲ್ಲಿ ಡೇವ್ ಏರ್ಲಿ, ಬಾಸ್ ನ್ಯೂವೆನ್‌ಹೌಜೆನ್ ಶುರು ಮಾಡಿದ್ದು. ಆಮೇಲೆ ಸ್ಟೀಮ್ ಕಂಪನಿ ವಾಲ್ವ್ ದುಡ್ಡು ಹಾಕಿ ಏಕೋ ಅನ್ನುವ ಶೇಡರ್ ಕಂಪೈಲರ್ ಮಾಡಿಸಿತು, 2019ರಲ್ಲಿ ಅದು ಹೊರಬಂತು. ಹೊರಗಿನವರು ಕೂತು ಬರೆದದ್ದು 2017ರ ಕಾರ್ಡಿಗೆ ಇವತ್ತೂ ಜೀವ ಕೊಡುತ್ತಿದೆ. ನನಗೆ ಇದು ದೊಡ್ಡ ಮಾತು.

ಅತಿ ಹೆಚ್ಚು ತಲೆ ತಿಂದದ್ದು ಮಾತ್ರ ಬೇರೆ. ಅರ್ಧ ಗಂಟೆ ಆಡಿದ ಮೇಲೆ ಚಿತ್ರ ನಿಂತುಬಿಡುತ್ತದೆ, ಹಾಡು ಹಿಂದೆ ಓಡುತ್ತಲೇ ಇರುತ್ತದೆ. ಕೀಬೋರ್ಡ್ ಕೆಲಸ ಮಾಡುವುದಿಲ್ಲ. ಫೋನಿನಿಂದ ಎಸ್‌ಎಸ್‌ಎಚ್ ಮೂಲಕ ಮಶೀನಿನೊಳಗೆ ಹೋಗಿ ಡಿಮೆಸೇಜ್ (ಕರ್ನಲ್ ಲಾಗ್) ನೋಡಿದರೆ "ರಿಂಗ್ ಜಿಎಫ್‌ಎಕ್ಸ್ ಟೈಮ್‌ಔಟ್", ಅಂದರೆ ಕಾರ್ಡ್ ಹ್ಯಾಂಗ್. ಎಲ್ಲರೂ "ನೋಡಿ, ಓಪನ್ ಡ್ರೈವರ್ ಅಂದರೆ ಹೀಗೇ" ಅಂದರು. ಡ್ರೈವರ್ ತಪ್ಪೇ ಅಲ್ಲ! ಮೈನಿಂಗ್ ಮಾಡಿದವರು ಕಾರ್ಡಿನೊಳಗಿನ ಬಯೋಸ್ (ಕಾರ್ಡ್ ಹೇಗೆ ಓಡಬೇಕು ಅನ್ನುವ ಪ್ರೋಗ್ರಾಮ್) ತಿದ್ದಿ, ಮೆಮೊರಿ ಟೈಮಿಂಗ್ ಬಿಗಿ ಮಾಡಿಟ್ಟಿದ್ದರು. ಮೈನಿಂಗ್‌ಗೆ ಅದು ನಡೆಯುತ್ತದೆ, ಗೇಮ್‌ಗೆ ನಡೆಯುವುದಿಲ್ಲ. ನನ್ನ ಕಾರ್ಡಿನ ಅಂಚಿನಲ್ಲಿ ಪುಟ್ಟ ಸ್ವಿಚ್ ಇತ್ತು, ಆ ಕಡೆ ತಳ್ಳಿದೆ, ಮೂಲ ಬಯೋಸ್ ಸಿಕ್ಕಿತು. ಶೆಟ್ರ ಮಗನ ಕಾರ್ಡಿನಲ್ಲಿ ಸ್ವಿಚ್ ಇರಲಿಲ್ಲ, ಮೂಲ ಬಯೋಸನ್ನು ಮತ್ತೆ ಬರೆದು ಫ್ಲ್ಯಾಶ್ ಮಾಡಬೇಕಾಯಿತು. ಹೀಟ್‌ಸಿಂಕ್ ಬಿಚ್ಚಿದಾಗ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು. ಪೇಸ್ಟ್, ಪ್ಯಾಡ್, ಎರಡು ಫ್ಯಾನ್ ಸೇರಿ ಇನ್ನೊಂದು 1,200 ಆಗಿರಬೇಕು.

ಗೇಮ್ ಡಿಸ್ಕ್ ಎಕ್ಸ್‌ಟಿ4 (ಲಿನಕ್ಸಿನ ಫೈಲ್ ಸಿಸ್ಟಮ್) ಆಗಿರಲಿ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕನ್ನೇ ಹಂಚಿಕೊಂಡರೆ ಪ್ರೋಟಾನ್ ಪ್ರಿಫಿಕ್ಸ್ (ಗೇಮ್‌ಗಾಗಿ ಮಾಡುವ ನಕಲಿ ವಿಂಡೋಸ್ ಫೋಲ್ಡರ್) ಒಳಗಿನ "ಸಿ:" ಲಿಂಕ್‌ನಲ್ಲೇ ತಕರಾರು ಶುರು. ಆ ಕೋಲನ್ ವಿಂಡೋಸಿಗೆ ಆಗುವುದಿಲ್ಲ.

ಡೊಂಬಿವಲಿಯ ಮೇ ತಿಂಗಳು ನಿಮಗೆ ಗೊತ್ತಲ್ವಾ, ಎಸಿ ಇಲ್ಲದ ರೂಮು. ಪಿಪಿಫೀಚರ್‌ಮಾಸ್ಕ್ (ಕಾರ್ಡಿನ ವೋಲ್ಟೇಜ್ ಬದಲಿಸಲು ಬಿಡುವ ಕರ್ನಲ್ ಸೆಟ್ಟಿಂಗ್) ತೆರೆದು ವೋಲ್ಟೇಜ್ ಇಳಿಸಿದೆ. 120 ವ್ಯಾಟ್ ತೋರಿಸುತ್ತಿದ್ದದ್ದು 90ರ ಹತ್ತಿರ ಬಂತು, ಬಿಸಿ ಎಂಟು-ಹತ್ತು ಡಿಗ್ರಿ ಇಳಿಯಿತು, ಫ್ರೇಮ್ ಒಂದೆರಡು ಹೋಗಿರಬಹುದು. ಯಾವ ಸ್ಟೆಪ್‌ಗೆ ಎಷ್ಟು ಮಿಲಿವೋಲ್ಟ್ ಅನ್ನುವುದು ನನ್ನ ಹತ್ತಿರವೇ ಇರಲಿ. ಫ್ಯಾನ್ ಕರ್ವ್ ಕೂಡ. ಪ್ರತಿ ಕಾರ್ಡಿಗೂ ಬೇರೆ, ನೀವೇ ಹುಡುಕಿ.

ಮಧ್ಯದಲ್ಲಿ ಗುಜರಿಯಿಂದ ಬಂದ ಎಚ್‌ಡಿ 7850ನ್ನೂ ಬಿಡಲಿಲ್ಲ. ಅದು ಹಳೆ ರೇಡಿಯಾನ್ ಡ್ರೈವರ್ ಹಿಡಿದುಕೊಂಡಿತ್ತು, ವಲ್ಕನ್ ಇಲ್ಲ. ಕರ್ನಲ್ ಬೂಟ್ ಲೈನಿನಲ್ಲಿ ಎಸ್‌ಐ (ಆ ಚಿಪ್ಪಿನ ತಲೆಮಾರು) ಸಪೋರ್ಟನ್ನು ರೇಡಿಯಾನ್‌ನಲ್ಲಿ ಸೊನ್ನೆ, ಹೊಸ ಡ್ರೈವರ್ ಎಎಮ್‌ಡಿಜಿಪಿಯುನಲ್ಲಿ ಒಂದು ಮಾಡಿದೆ. 2012ರ ಕಾರ್ಡು ವಲ್ಕನ್ ಮಾತಾಡಿತು! ಅದರಲ್ಲಿ ಜಿಟಿಎ 5 ಸ್ಟೋರಿ ಆಡಿದ್ದೇನೆ. ಎಚ್‌ಡಿ 6670 ಮಾತ್ರ ಆಗಲಿಲ್ಲ, ಆ ಚಿಪ್ಪಿಗೆ ವಲ್ಕನ್ನೇ ಇಲ್ಲ. ಅದರ ಹಿಂದೆ ಹೋಗಬೇಡಿ.

ವ್ಯಾಲೊರಂಟ್ ಗೇಮ್ ಲಿನಕ್ಸಿನಲ್ಲಿ ಓಡುವುದಿಲ್ಲ. ಜಿಟಿಎ ಆನ್‌ಲೈನ್ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ (ಆಟದಲ್ಲಿ ಮೋಸ ತಡೆಯುವ ಆಂಟಿಚೀಟ್) ಹಾಕಿದ ಮೇಲೆ ಇಲ್ಲಿ ಬಂದ್. ಇದು ಆಂಟಿಚೀಟ್ ವಿಷಯ, ಗೇಮ್ ಮಾಡಿದವರು ಮನಸ್ಸು ಮಾಡದಿದ್ದರೆ ಡ್ರೈವರ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಒಬ್ಬರೇ ಆಡುವ ಗೇಮ್ ನಿಮ್ಮದಾದರೆ ಇಷ್ಟು ಸಾಕು; ಕಾರ್ಡ್, ರಿಪೇರಿ, ಒಂದು ಎಸ್‌ಎಸ್‌ಡಿ ಎಲ್ಲ ಸೇರಿ ನನಗೆ 9,000ದೊಳಗೆ ಮುಗಿದಿತ್ತು. ಖರೀದಿಗೆ ಹೋಗುವಾಗ ಬಯೋಸ್ ಸ್ವಿಚ್ ಇರುವ ಕಾರ್ಡನ್ನೇ ಕೇಳಿ, 300-400 ಜಾಸ್ತಿ ಹೇಳಿದರೂ ಕೊಡಿ.