ಬೆಳಗಾವಿಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಯಾವ ನೆರವಿಗೆ ಯಾವ ಬಾಗಿಲು

ಉದ್ಯಮಬಾಗದ ಕಾರ್ಖಾನೆಗೋ, ವಡಗಾವಿಯ ಮಗ್ಗಕ್ಕೋ, ಕಟ್ಟಡ ಕೆಲಸಕ್ಕೋ ಬೆಳಗಾವಿಗೆ ಬಂದು ನೆಲೆ ಹುಡುಕುವ ಕುಟುಂಬಗಳು ನಮ್ಮ ಕನ್ನಡ ಸಂಘಕ್ಕೆ ಬಂದಾಗ ಸಾಮಾನ್ಯವಾಗಿ ಮೊದಲು ಕೇಳುವುದು ರೇಶನ್ ಕಾರ್ಡಿನ ವಿಚಾರವನ್ನು. ಅದು ಸಹಜವೇ. ಆದರೆ ಮನೆಯಲ್ಲಿ ಬಸುರಿ, ಬಾಣಂತಿ ಅಥವಾ ಆರು ವರ್ಷದೊಳಗಿನ ಮಗು ಇದ್ದರೆ ಬೇರೆಲ್ಲ ಕಚೇರಿಗಿಂತ ಮೊದಲು ನಿಮ್ಮ ಓಣಿಯ ಅಂಗನವಾಡಿಗೆ ಹೋಗಿರಿ ಎಂಬುದೇ ನಮ್ಮ ಸಲಹೆ.

ಇದಕ್ಕೆ ಕಾರಣವಿದೆ. ಅಂಗನವಾಡಿಯಲ್ಲಿ ಹೆಸರು ಬರೆಸಿದ ಮಗುವಿಗೆ ಪೌಷ್ಟಿಕ ಆಹಾರ ಸಿಗುತ್ತದೆ, ತೂಕ ನೋಡುತ್ತಾರೆ; 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿಗೂ ಬಾಣಂತಿಗೂ ಮಧ್ಯಾಹ್ನದ ಬಿಸಿಯೂಟಕ್ಕೆಂದೇ ಇದೆ. ಇದಕ್ಕಿಂತ ದೊಡ್ಡ ಲಾಭವೆಂದರೆ ಅಲ್ಲಿನ ಕಾರ್ಯಕರ್ತೆಗೆ ಆ ಭಾಗದ ಆಶಾ ಕಾರ್ಯಕರ್ತೆಯ ಪರಿಚಯವಿರುತ್ತದೆ, ಆಶಾ ಅವರಿಗೆ ಆರೋಗ್ಯ ಕೇಂದ್ರದ ನರ್ಸಿನ ಪರಿಚಯವಿರುತ್ತದೆ. ಹೀಗೆ ಒಬ್ಬರಿಂದ ಒಬ್ಬರಿಗೆ ನಿಮ್ಮ ಕುಟುಂಬದ ಗುರುತು ತಾನಾಗಿ ಮುಂದೆ ಸಾಗುತ್ತದೆ. ಬಸುರಿಯ ತಪಾಸಣೆ, ಮಗುವಿನ ಲಸಿಕೆ ಬರೆದಿಡಲು ಊರಿನಲ್ಲಿ ಕೊಟ್ಟ ತಾಯಿ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಬೇಡಿ. ಯಾವ ಲಸಿಕೆ ಆಗಿದೆ, ಯಾವುದು ಬಾಕಿ, ಹಿಂದಿನ ತಿಂಗಳು ರಕ್ತದ ಪ್ರಮಾಣ ಎಷ್ಟಿತ್ತು ಎಂಬುದೆಲ್ಲ ಅದರ ಪುಟಗಳಲ್ಲೇ ಇರುವುದರಿಂದ, ಆ ಕಾರ್ಡು ಕೈಯಲ್ಲಿದ್ದರೆ ಹೆರಿಗೆಗೆ ಜಿಲ್ಲಾ ಆಸ್ಪತ್ರೆಗೆ, ಅಂದರೆ ಎಲ್ಲರೂ ಬಿಮ್ಸ್ ಎಂದು ಕರೆಯುವಲ್ಲಿಗೆ, ಹೋದಾಗ ಹಳೆಯ ಕತೆಯನ್ನೆಲ್ಲ ಮೊದಲಿನಿಂದ ಹೇಳುವ ಪ್ರಸಂಗ ಬರುವುದಿಲ್ಲ.

ಶಾಲೆಯ ವಿಷಯದಲ್ಲಿ ತಂದೆತಾಯಿಗಳು ಅನಗತ್ಯವಾಗಿ ಹೆದರುವುದನ್ನು ನಾವು ಕಾಣುತ್ತೇವೆ. ವರ್ಷದ ನಡುವೆ ಊರು ಬಿಟ್ಟು ಬಂದೆವು, ವರ್ಗಾವಣೆ ಪತ್ರ ಇನ್ನೂ ಬಂದಿಲ್ಲ, ಜೂನ್ ತನಕ ಮಗು ಮನೆಯಲ್ಲೇ ಇರಲಿ ಎಂದು ಸುಮ್ಮನಾಗುತ್ತಾರೆ. ಹಾಗೆ ಮಾಡಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದೋ, ವಯಸ್ಸಿನ ದಾಖಲೆ ಇಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ನಮ್ಮ ನಗರದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಸರ್ಕಾರಿ ಶಾಲೆಗಳಿವೆ; ಸೊಲ್ಲಾಪುರ, ಸಾಂಗಲಿ ಕಡೆಯಿಂದ ಮರಳಿ ಬಂದ ಮಕ್ಕಳು ಅಲ್ಲಿ ಮರಾಠಿಯಲ್ಲಿ ಕಲಿತಿದ್ದರೆ ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬುದನ್ನು ಮುಖ್ಯೋಪಾಧ್ಯಾಯರೊಂದಿಗೆ ಕುಳಿತು ತೀರ್ಮಾನಿಸಿರಿ. ಹತ್ತನೆಯ ತರಗತಿಯ ಹೊಸ್ತಿಲಲ್ಲಿರುವ ಮಗುವಿನ ಮಾಧ್ಯಮವನ್ನು ಕೇವಲ ಅಭಿಮಾನಕ್ಕಾಗಿ ಬದಲಿಸಬೇಡಿರೆಂದು, ಕನ್ನಡ ಸಂಘದವರಾಗಿದ್ದೂ, ನಾವೇ ಹೇಳುತ್ತೇವೆ. ಶಾಲೆಯಲ್ಲಿ ಮಾತು ಮುಂದುವರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಅರ್ಜಿ ಕೊಡಬಹುದು; ಅರ್ಜಿ ಬರೆಯಲು ಸಂಘದ ಸದಸ್ಯರು ನೆರವಾಗುತ್ತಾರೆ.

ಇನ್ನು ರೇಶನ್. ರಾಜ್ಯದ ಬೇರೆ ಜಿಲ್ಲೆಯ ಕಾರ್ಡಿದ್ದವರು ಅದನ್ನು ರದ್ದು ಮಾಡಿಸಿ ಹೊಸದಕ್ಕೆ ಅಲೆಯುವ ಮೊದಲು ಹತ್ತಿರದ ನ್ಯಾಯಬೆಲೆ ಅಂಗಡಿಗೆ ಕಾರ್ಡು ತೆಗೆದುಕೊಂಡು ಹೋಗಿ ವಿಚಾರಿಸಿರಿ. ಬೆರಳಚ್ಚು ಕೊಟ್ಟು ಇಲ್ಲಿಯೇ ಧಾನ್ಯ ಪಡೆಯುವ ವ್ಯವಸ್ಥೆ ಇದೆ. ಗೃಹಲಕ್ಷ್ಮಿ ಹಣವೂ ಅದೇ ಕಾರ್ಡಿಗೆ ಜೋಡಣೆಯಾಗಿರುವುದರಿಂದ ಅವಸರದಲ್ಲಿ ಕಾರ್ಡು ಕಳೆದುಕೊಂಡರೆ ಎರಡು ಕಡೆ ನಷ್ಟ. ಬಾಡಿಗೆ ಮನೆಯವರಿಗೂ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಅನ್ವಯಿಸುತ್ತದೆ. ಮಾಲೀಕರಿಂದ ಕರಾರು ಪತ್ರವನ್ನೂ ಹೆಸ್ಕಾಂ ಬಿಲ್ಲನ್ನೂ ಮೊದಲ ವಾರವೇ ಕೇಳಿ ಇಟ್ಟುಕೊಳ್ಳಿರಿ.

ಕ್ಯಾಂಪ್ ಪ್ರದೇಶದಲ್ಲಿ ಮನೆ ಹಿಡಿದವರು ಒಂದು ಮಾತು ಗಮನಿಸಬೇಕು. ಆ ಭಾಗ ದಂಡು ಮಂಡಳಿಯ (ಕಂಟೋನ್ಮೆಂಟ್ ಬೋರ್ಡಿನ) ಆಡಳಿತಕ್ಕೆ ಸೇರಿದ್ದರಿಂದ ನೀರು, ಕಸ ಮುಂತಾದ ಕೆಲಸಗಳಿಗೆ ಮಹಾನಗರ ಪಾಲಿಕೆಗೆ ಹೋದರೆ ಬರಿಗೈಯಲ್ಲಿ ಮರಳಬೇಕಾದೀತು.

ಯಾವುದೇ ಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಪಡೆಯದೆ ಹೊರಗೆ ಬರಬಾರದು. ನಿಗದಿತ ದಿನದೊಳಗೆ ಕೆಲಸ ಮಾಡಿಕೊಡಬೇಕೆಂಬ ಸಕಾಲ ಕಾಯ್ದೆಯ ವ್ಯಾಪ್ತಿಯ ಸೇವೆಗಳಿಗೆ ಕೊಡುವ ಚೀಟಿಯ ಮೇಲೆ 15 ಅಂಕಿಯ ಸಂಖ್ಯೆಯೊಂದು ಇರುತ್ತದೆ. ಕೆಲಸ ಎಲ್ಲಿಗೆ ಬಂತು ಎಂದು ಕೇಳಲು ಆ ಸಂಖ್ಯೆ ಬೇಕು. ನಿಗದಿತ ದಿನ ದಾಟಿದರೆ ಮೇಲ್ಮನವಿಗೂ ಅದೇ ಆಧಾರ. ಕಚೇರಿಯ ಮುಂದಿನ ಚಹಾದಂಗಡಿಯಲ್ಲಿ ಕುಳಿತು «ನಾಳೆನೇ ಮಾಡಿಸಿಕೊಡ್ತೀನ್ರಿ» ಎನ್ನುವವರ ಕೈಗೆ ಮೂಲ ದಾಖಲೆ ಕೊಡಬೇಡಿರಿ. ಸಂಘದ ಸದಸ್ಯರು ನಿಮ್ಮ ಜೊತೆಗೆ ಬರುತ್ತಾರೆ, ಫಾರ್ಮ್ ತುಂಬಿಕೊಡುತ್ತಾರೆ, ಆದರೆ ಹಣ ಕೇಳುವುದಿಲ್ಲ. ಸಂಘದ ಹೆಸರಿನಲ್ಲಿ ಯಾರಾದರೂ ಕೇಳಿದರೆ ನಮಗೆ ತಿಳಿಸಿರಿ.

ಮನೆಯೊಳಗಿನ ಹೊಡೆತ ಬಡಿತದ ಸಂಗತಿಯನ್ನು ಹೊಸ ಊರಿನಲ್ಲಿ ಹೇಳಿಕೊಳ್ಳಲು ಹೆಣ್ಣುಮಕ್ಕಳಿಗೆ ತವರು ದೂರ, ನೆರೆಯವರು ಅಪರಿಚಿತರು. ಅಂಥವರು 181ಕ್ಕೆ ಕರೆ ಮಾಡಬಹುದು. ವಕೀಲರ ನೆರವು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ; ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಕೊಡುತ್ತದೆ, ಅದರ ಸಹಾಯವಾಣಿ 15100. ಸಂಕಟದಲ್ಲಿರುವ ಮಗುವಿಗೆ 1098, ಹಿರಿಯರಿಗೆ 14567, ಮನಸ್ಸಿನ ತೊಂದರೆಗೆ 14416, ಆಂಬುಲೆನ್ಸಿಗೆ 108, ತುರ್ತಾಗಿ ಪೊಲೀಸರಿಗೆ 112. ಈ ಸಂಖ್ಯೆಗಳನ್ನು ಮನೆಯ ಯಜಮಾನರ ಮೊಬೈಲಿನಲ್ಲಿ ಮಾತ್ರ ಇಡದೆ, ಮನೆಯಲ್ಲಿ ಉಳಿಯುವವರಿಗೆ ಕಾಣುವಂತೆ ಅಡುಗೆಮನೆಯ ಗೋಡೆಯ ಮೇಲೂ ಬರೆದು ಅಂಟಿಸಿರಿ.