ಬಚ್ಚಲ ನೀರಿನ ಅರ್ಥಿಂಗ್, 15 ಆಂಪ್ ಪ್ಲಗ್: ಮನೆಯಲ್ಲೇ ಕಾರ್ ಚಾರ್ಜಿಂಗ್

ನಮ್ಮ ಮನೆಯದು ಸಿಂಗಲ್ ಫೇಸ್, ಸಂಜೆ 195ಕ್ಕೆ ಇಳಿಯುವ ವೋಲ್ಟೇಜ್, ಮೀಟರ್ ಬೋರ್ಡಿನಿಂದ ಎಲೆಕ್ಟ್ರಿಕ್ ಕಾರು ನಿಲ್ಲಿಸುವ ಶೆಡ್ಡಿಗೆ 38 ಮೀಟರ್, ಕೆಳಗೆಲ್ಲ ಮುರಕಲ್ಲು. ‘15 ಆಂಪ್ ಪ್ಲಗ್ ಇಲ್ಲಿ ನಡೆಯಲಿಕ್ಕಿಲ್ಲ ಮಾರಾಯ್ರೆ, ತ್ರೀ ಫೇಸ್ ಮಾಡಿಸಿ ವಾಲ್‌ಬಾಕ್ಸ್ ಹಾಕಿ’ ಎಂದವರೇ ಎಲ್ಲ. ವಾಲ್‌ಬಾಕ್ಸ್ ಅಂದರೆ ಗೋಡೆಗೆ ಕೂರಿಸುವ ಚಾರ್ಜರ್. ಅದಕ್ಕೆ ಹೇಳಿದ್ದು 70 ಸಾವಿರದ ಆಸುಪಾಸು. ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರಿನಲ್ಲೇ ಎರಡು ಬೇಸಿಗೆ ದಾಟಿತು. ಒಟ್ಟು ಖರ್ಚು 23 ಸಾವಿರ ಇರಬೇಕು, ಅದರಲ್ಲಿ ಐದು ಸಾವಿರ ದಂಡ.

ದಂಡ ಹೆಚ್ಚಿಗೆ ಹೋದದ್ದು ಅರ್ಥಿಂಗಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆಗೆ. ಹಳೇ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ಜಿಐ ಪೈಪ್ ಇಳಿಸಿದ್ದು ಜನವರಿಯಲ್ಲಿ. ಫೇಸಿಗೂ ಅರ್ಥಿಗೂ 100 ವ್ಯಾಟ್ ಬಲ್ಬ್ ಹಿಡಿದರೆ ಝಗಝಗ. ಮಾರ್ಚ್ ಕೊನೆಗೆ ಚಾರ್ಜರಿನಲ್ಲಿ ಕೆಂಪು ದೀಪ, ಅಂದರೆ ಅರ್ಥ್ ಸರಿಯಿಲ್ಲ. ಈ ಬಲ್ಬ್ ಪರೀಕ್ಷೆ ಶುದ್ಧ ಮೋಸ. ಬಲ್ಬ್ ಎಳೆಯುವುದೇ ಅರ್ಧ ಆಂಪಿಗಿಂತ ಕಡಿಮೆ. ಅರ್ಥಿನ ತಡೆ (ಕಡಿಮೆ ಇದ್ದಷ್ಟೂ ಒಳ್ಳೆಯದು) 50 ಓಮ್ ಇದ್ದರೂ ಅಲ್ಲಿ ಬೀಳುವುದು 20 ವೋಲ್ಟ್, ಕಣ್ಣಿಗೆ ತಿಳಿಯುವುದಿಲ್ಲ. ಅರ್ಥ್ ಟೆಸ್ಟರ್ ಬಾಡಿಗೆಗೆ ತಂದು ಅಳೆದರೆ 40ರ ಮೇಲೆ. ಮುರಮಣ್ಣು ಒಣಗಿತ್ತು, ಅಷ್ಟೇ.

ಎರಡನೇ ಸಲ ಜಾಗವನ್ನೇ ಬದಲಿಸಿದೆ. ಬಚ್ಚಲ ನೀರು ಹರಿದು ಹೋಗುವಲ್ಲಿ, ಬಾಳೆ ಬುಡದ ಪಕ್ಕ, 3 ಮೀಟರ್ ಉದ್ದದ ಎರಡು ತಾಮ್ರ ಲೇಪದ ರಾಡ್, ನಡುವೆ ಮೂರು ಮೀಟರ್ ಅಂತರ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ.  ಕಡು ಏಪ್ರಿಲ್‌ನಲ್ಲಿ 5-6 ಓಮ್. ಕೆಂಪು ದೀಪ ಮತ್ತೆ ಬಂದಿಲ್ಲ. ಸಾಕೆಟ್ಟಿನೊಳಗೆ ನ್ಯೂಟ್ರಲನ್ನೇ ಅರ್ಥಿಗೆ ಸೇರಿಸಿ ಚಾರ್ಜರಿಗೆ ಟೋಪಿ ಹಾಕುವವರಿದ್ದಾರೆ. ಹೊರಗೆ ನ್ಯೂಟ್ರಲ್ ಕಡಿದ ದಿನ ಕಾರಿನ ಬಾಡಿಗೇ ಕರೆಂಟು ಬರುತ್ತದೆ.

ವೈರು 4 ಸ್ಕ್ವೇರ್ (ಚದರ ಮಿ.ಮೀ.) ತಾಮ್ರ, ಬೋರ್ಡಿನಿಂದ ನೇರ, ನಡುವೆ ಜಾಯಿಂಟ್ ಇಲ್ಲ. 12 ಆಂಪಿನಲ್ಲಿ ವೈರಿನಲ್ಲೇ ಕಳೆಯುವ ವೋಲ್ಟೇಜ್ ನಾಲ್ಕು ವೋಲ್ಟ್ ಚಿಲ್ಲರೆ, 2.5ರಲ್ಲಾದರೆ ಏಳು. ಲೋಡ್ ಮಿತಿಮೀರಿದರೆ ಕಡಿಯಲು 20 ಆಂಪ್ ಸಿ ಕರ್ವ್ ಎಂಸಿಬಿ, ಕರೆಂಟ್ ಸೋರಿದರೆ ಕಡಿಯಲು 30 ಮಿಲಿಆಂಪ್ ಆರ್‌ಸಿಸಿಬಿ, ಅದೂ ಎ ಟೈಪ್. ಅಂಗಡಿಯವರು ಕೇಳದೆ ಕೊಡುವ ಎಸಿ ಟೈಪ್, ಸೋರಿಕೆಯಲ್ಲಿ ಡಿಸಿ ಸೇರಿದರೆ ಕುರುಡಾಗುತ್ತದೆ.

ಮೊದಲ ಸಾಕೆಟ್ ಮೂರೇ ವಾರಕ್ಕೆ ಕರಗಿತು. ಕಂಪನಿಯ ತಪ್ಪಲ್ಲ: ಶೆಡ್ಡಿನ ಲೈಟಿಗೆಂದು ಅದೇ ಸ್ಕ್ರೂವಿಗೆ ಇನ್ನೊಂದು ವೈರು ತುರುಕಿದ್ದೆ. ಈಗ ವೈರಿನ ತುದಿಗೆ ಪಿನ್ ಲಗ್ (ಲೋಹದ ಟೊಪ್ಪಿಗೆ) ಒತ್ತಿ ಕೂರಿಸಿ ಒಂದೇ ವೈರು. ಚಾರ್ಜಿಗಿಟ್ಟು ಒಂದು ತಾಸಾದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಹಿಡಿದು ನೋಡಿ. ಬೆಚ್ಚಗಿದ್ದರೆ ಸರಿ, ಹಿಡಿಯಲಾಗದಷ್ಟು ಬಿಸಿಯಾಗಿದ್ದರೆ ಸ್ಕ್ರೂ ಸಡಿಲ.

ಸಂಜೆಯ ವೋಲ್ಟೇಜಿಗೆ 5 ಕೆವಿಎ ಸ್ಟೆಬಿಲೈಸರ್ ಎರವಲು ತಂದು ನೋಡಿದ್ದೂ ಆಯಿತು. ರಿಲೇ ಟಕ್ ಎಂದಾಗಲೆಲ್ಲ ಚಾರ್ಜರ್ ನಿಂತು ಮೊದಲಿಂದ ಶುರು. ನಾಲ್ಕೇ ದಿನಕ್ಕೆ ವಾಪಸ್. ರಾತ್ರಿ 11ಕ್ಕೆ ಟೈಮರ್ ಇಟ್ಟರೆ 225 ಪುಕ್ಕಟೆ ಸಿಗುತ್ತದೆ. 24 ಯೂನಿಟ್ ಬ್ಯಾಟರಿ 10ರಿಂದ 90 ಪರ್ಸೆಂಟ್ ಆಗಲು ಎಂಟು ತಾಸು, ಮೀಟರಿನಲ್ಲಿ 22 ಯೂನಿಟ್. ಎರಡು ಮೂರು ಯೂನಿಟ್ ಬಿಸಿಯಾಗಿ ಹೋಗುವ ಲೆಕ್ಕ. ತಿಂಗಳಿಗೆ ಎಂಟು ಸಲ ಇಟ್ಟರೆ ಮನೆ ಬಳಕೆಯೂ ಸೇರಿ 200 ದಾಟುತ್ತದೆ. ಗೃಹಜ್ಯೋತಿಯ ಉಚಿತ ಕರೆಂಟು ಕೈತಪ್ಪಿ ಇಡೀ ಬಿಲ್ ಕಟ್ಟಬೇಕಾಗುತ್ತದೆ, ಅದನ್ನೂ ಪೆಟ್ರೋಲ್ ಉಳಿತಾಯದಲ್ಲಿ ಕಳೆಯಿರಿ.

ಮಳೆ ಹಿಡಿಯುವ ಮೊದಲು ಎಂಸಿಬಿ ಇಳಿಸಿ ಸಾಕೆಟ್ ಬಿಚ್ಚುವುದು ಮರೆಯಬೇಡಿ. ಕಳೆದ ಮೇ ತಿಂಗಳಲ್ಲಿ ಒಳಗೆ ಒಂದು ಮುಷ್ಟಿ ಇರುವೆ ಮಣ್ಣು ಸಿಕ್ಕಿತು.